ಎರಡನೆಯ ಆಕಳಿಕೆ

ನನ್ನ ತಂಗಿಯ ಮಗಳ ಕೇಸ್ ಶೀಟಿನಲ್ಲಿ ಸಿಸ್ಟರ್ ‘ಬಿ.ಪಿ. 110/’ ಎಂದು ಬರೆದಿದ್ದರು. ಓರೆಗೆರೆಯ ಆಚೆಗಿನ ಅಂಕಿ ಬೀಳುವ ಮೊದಲೇ ಪೆನ್ನು ನಿಂತುಬಿಟ್ಟಿತು. ಎದುರು ಸಾಲಿನ ಮೊದಲ ಮಂಚದ ಬಾಣಂತಿ ದೊಡ್ಡದಾಗಿ ಆಕಳಿಸಿದಳು. ಬಾಯಿ ಮುಚ್ಚಿ ಅರೆಗಳಿಗೆಯಾಗಿಲ್ಲ, ಮತ್ತೆ ಆಕಳಿಸಿದಳು. “ರಾತ್ರಿಯೆಲ್ಲಾ ನೋವು ತಿಂದವ್ಳೆ, ನಿದ್ದೆ ಎಳೀತೈತೆ ಪಾಪ” ಎಂದು ಅವಳ ಅತ್ತೆ ಸೆರಗಿನಲ್ಲಿ ಗಾಳಿ ಬೀಸುತ್ತಿದ್ದರು. ಸಿಸ್ಟರ್ ಕೇಸ್ ಶೀಟನ್ನು ಮಂಚದ ಮೇಲೇ ಬಿಟ್ಟರು. ತಂಗಿಯ ಮಗಳ ತೋಳಿಗೆ ಸುತ್ತಿದ್ದ ಬಿ.ಪಿ. ಪಟ್ಟಿಯನ್ನು ಪರ್ರೆಂದು ಬಿಚ್ಚಿಕೊಂಡು ಆ ಮಂಚದತ್ತ ಹೊರಟರು. ವಾರ್ಡಿಗೆಲ್ಲ ಇದ್ದದ್ದು ಅದೊಂದೇ ಬಿ.ಪಿ. ಯಂತ್ರ.

ಆಗ ಸಂಜೆ ನಾಲ್ಕೂ ಇಪ್ಪತ್ತು. ನಮ್ಮ ಕಡೆಯ ಒಂದು ತಾಲ್ಲೂಕು ಆಸ್ಪತ್ರೆ. ಮಧ್ಯಾಹ್ನ ಎರಡರಿಂದ ರಾತ್ರಿ ಎಂಟರ ಪಾಳಿಗೆ, ಹೆರಿಗೆ ಕೋಣೆ ಮತ್ತು ಅದಕ್ಕೆ ಅಂಟಿಕೊಂಡ ಬಾಣಂತಿಯರ ವಾರ್ಡು ಎರಡಕ್ಕೂ ಸೇರಿ ಇಬ್ಬರೇ ಸಿಸ್ಟರ್, ಒಬ್ಬ ಆಯಾ. ವಾರ್ಡಿನ ಹದಿನಾಲ್ಕು ಮಂಚವೂ ಭರ್ತಿ. ಹಾಸಿಗೆ ಎಣಿಸುವಾಗ ತಾಯಿಯ ಪಕ್ಕ ಮಲಗಿದ ಕೂಸು ಲೆಕ್ಕಕ್ಕೆ ಬರುವುದಿಲ್ಲ. ಆದರೆ ಹಾಲು ಕುಡಿಯದ ಕೂಸು, ಮೈ ಹಳದಿಯಾದ ಕೂಸು, ರಾತ್ರಿಯಿಂದ ಉಚ್ಚೆ ಹೊಯ್ಯದ ಕೂಸು, ಎಲ್ಲವನ್ನೂ ನೋಡಬೇಕಾದವರು ಆ ಸಿಸ್ಟರೇ. ಆಕಳಿಸಿದ ಹೆಂಗಸು ಹೆತ್ತು ಐವತ್ತು ನಿಮಿಷವಾಗಿತ್ತು. ಮೂರನೆಯ ಹೆರಿಗೆ, ಗಂಡು ಮಗು, ಹೊಲಿಗೆ ಕೂಡ ಬಿದ್ದಿರಲಿಲ್ಲ. ಹೆರಿಗೆಯಾದವಳನ್ನು ಎರಡು ಗಂಟೆ ಹೆರಿಗೆ ಕೋಣೆಯಲ್ಲೇ ಇಟ್ಟು ನೋಡಬೇಕು ಎಂಬುದು ಕ್ರಮ. ಅಲ್ಲಿರುವುದು ಎರಡೇ ಟೇಬಲ್. ಇನ್ನಿಬ್ಬರು ನೋವು ತಿನ್ನುತ್ತ ಬಾಗಿಲಲ್ಲಿ ಕಾಯುತ್ತಿದ್ದರು. ಹಾಗಾಗಿ ಇವಳನ್ನು ಬೇಗ ಹೊರಗೆ ತಂದು, ಕಣ್ಣಿಗೆ ಬೀಳುವಂತೆ ಬಾಗಿಲ ಪಕ್ಕದ ಮಂಚದಲ್ಲೇ ಮಲಗಿಸಿದ್ದರು.

ಸಿಸ್ಟರ್ ಹೊದಿಕೆ ಸರಿಸಿ, ಎಡಗೈಯನ್ನು ಅವಳ ಹೊಕ್ಕುಳ ಹತ್ತಿರ ಇಟ್ಟು ಒತ್ತಿದರು. ಆ ಕೈಗೆ ಏನು ತಿಳಿಯಿತು ಎಂಬುದನ್ನು ಮಾರನೆಯ ದಿನ ಅವರೇ ನನಗೆ ಹೇಳಿದರು. ಹೆರಿಗೆಯಾದ ಮೇಲೆ ಗರ್ಭಕೋಶ ಕ್ರಿಕೆಟ್ ಚೆಂಡಿನ ಹಾಗೆ ಗಟ್ಟಿಯಾಗಿ ಕೈಗೆ ಸಿಗಬೇಕು. ಅವತ್ತು ಸಿಕ್ಕಿದ್ದು ನಾದಿಟ್ಟ ಹಿಟ್ಟಿನ ಮುದ್ದೆ. ಎಲ್ಲಿಂದ ಶುರು, ಎಲ್ಲಿಗೆ ಕೊನೆ ಎಂದು ಗೊತ್ತಾಗದ ಹಾಗೆ ಮೆತ್ತಗೆ. ಇನ್ನೊಂದು ಕೈಯಲ್ಲಿ ಅವಳ ಕೆಳಗೆ ಹಾಸಿದ್ದ ಹಳೆ ಸೀರೆಯ ಮಡಿಕೆ ಎತ್ತಿದರು. ಮೇಲ್ಪದರದಲ್ಲಿ ಅಂಗೈಯಗಲ ಕೆಂಪು. ಅಡಿಯ ಪದರಗಳು ತೊಪ್ಪೆಯಾಗಿದ್ದವು. ರೆಕ್ಸಿನ್ ಹಾಸಿನ ಮೇಲಿಂದ ನೆತ್ತರು ಮಂಚದ ತಲೆದಿಕ್ಕಿಗೆ ಹರಿದು ಬೆನ್ನಿನಡಿ ನಿಂತಿತ್ತು. ಮುಂದೆ ನಿಂತವರಿಗೆ ಏನೂ ಕಾಣುವ ಹಾಗಿರಲಿಲ್ಲ.

ಇದು ಯಾಕೆ ಆಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನಮ್ಮಲ್ಲಿ ‘ಬಾಣಂತಿಗೆ ರಕ್ತ ಹೋಗೋದು ಸಹಜ’ ಎಂಬ ಮಾತು ಎಷ್ಟು ಜೀವ ತೆಗೆದಿದೆಯೋ ಲೆಕ್ಕವಿಲ್ಲ.

ತುಂಬು ಗರ್ಭದಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ 500ರಿಂದ 700 ಮಿಲಿಲೀಟರ್ ರಕ್ತ ಹರಿಯುತ್ತಿರುತ್ತದೆ. ಮಗುವಿಗೆ ಉಸಿರು, ಅನ್ನ ಎಲ್ಲ ಅದರಿಂದಲೇ. ಮಗು ಹುಟ್ಟಿ, ಮಾಸು ಕಳಚಿ ಬಿದ್ದ ಮೇಲೆ ಅದು ಅಂಟಿಕೊಂಡಿದ್ದ ಜಾಗದಲ್ಲಿ ಆ ರಕ್ತನಾಳಗಳ ಬಾಯಿಗಳು ತೆರೆದುಕೊಂಡೇ ಉಳಿಯುತ್ತವೆ. ಅಷ್ಟು ಬಾಯಿಗಳನ್ನು ಯಾವ ಡಾಕ್ಟರೂ ಒಂದೊಂದಾಗಿ ಕಟ್ಟಲಾರರು. ಕಟ್ಟುವ ಕೆಲಸ ಗರ್ಭಕೋಶದ್ದೇ. ಅದರ ಗೋಡೆಯ ಸ್ನಾಯುಗಳು ಬುಟ್ಟಿ ಹೆಣೆದ ಹಾಗೆ ಅಡ್ಡಡ್ಡ ಹೆಣೆದುಕೊಂಡಿವೆ, ಆ ಹೆಣಿಗೆಯ ಸಂದಿಗಳಲ್ಲಿ ರಕ್ತನಾಳಗಳು ಹಾದುಹೋಗುತ್ತವೆ. ಸ್ನಾಯು ಕುಗ್ಗಿದ ಕೂಡಲೇ ಸಂದಿ ಬಿಗಿದು ನಾಳಗಳ ಕತ್ತು ಹಿಸುಕಿದಂತಾಗಿ ರಕ್ತ ನಿಲ್ಲುತ್ತದೆ. ಸ್ನಾಯು ಸೋತು ಸಡಿಲವಾಗೇ ಉಳಿದರೆ ನಲ್ಲಿ ತೆರೆದೇ ಇರುತ್ತದೆ. ಹೆರಿಗೆಯ ನಂತರದ ಅತಿ ರಕ್ತಸ್ರಾವಕ್ಕೆ, ಆಸ್ಪತ್ರೆಯವರ ಮಾತಿನಲ್ಲಿ ‘ಪಿಪಿಎಚ್’ಗೆ, ಹತ್ತರಲ್ಲಿ ಏಳು ಸಲ ಇದೇ ಕಾರಣ. ಉಳಿದವು ಹೆರಿಗೆಯ ದಾರಿಯಲ್ಲಿ ಆದ ಗಾಯ, ಒಳಗೆ ಉಳಿದ ಮಾಸಿನ ತುಣುಕು, ಹೆಪ್ಪುಗಟ್ಟದ ರಕ್ತ.

ಅವಳಿ ಮಕ್ಕಳು, ದಪ್ಪ ಮಗು, ಎಳೆದಾಡಿದ ಹೆರಿಗೆ, ಮೇಲಿಂದ ಮೇಲೆ ಹೆರಿಗೆ ಇವೆಲ್ಲ ಗರ್ಭಕೋಶವನ್ನು ದಣಿಸುತ್ತವೆ ನಿಜ. ಆದರೆ ಅತಿಯಾಗಿ ರಕ್ತ ಹೋಗುವವರಲ್ಲಿ ಎಷ್ಟೋ ಜನಕ್ಕೆ ಇಂಥ ಯಾವ ಮುನ್ಸೂಚನೆಯೂ ಇರುವುದಿಲ್ಲ. ಆದ್ದರಿಂದ ಇಂಥವಳಿಗೆ ಆಗುತ್ತದೆ, ಇಂಥವಳಿಗೆ ಆಗುವುದಿಲ್ಲ ಎಂದು ಆರಿಸಿ ಕಾಯುವ ಹಾಗಿಲ್ಲ. ಹೆತ್ತ ಪ್ರತಿಯೊಬ್ಬಳ ಹೊಟ್ಟೆಯ ಮೇಲೂ ಹದಿನೈದು ನಿಮಿಷಕ್ಕೊಮ್ಮೆ ಒಂದು ಕೈ ಬೀಳಬೇಕು, ಬಟ್ಟೆ ಎತ್ತಿ ನೋಡಬೇಕು, ನಾಡಿ ಎಣಿಸಬೇಕು. ಎರಡು ಗಂಟೆಗೆ ಎಂಟು ಸಲ. ನರ್ಸಿಂಗ್ ಓದಿದ ಯಾರನ್ನಾದರೂ ಕೇಳಿ, ನಿದ್ದೆಯಲ್ಲೂ ಹೇಳುತ್ತಾರೆ.

ಬಿ.ಪಿ. ನೋಡಿದರೆ ಗೊತ್ತಾಗುವುದಿಲ್ಲವೇ ಎಂದು ನಾನೂ ಕೇಳಿದೆ. ಗೊತ್ತಾಗುತ್ತದೆ, ತಡವಾಗಿ. ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣವೇ ನೂರಕ್ಕೆ ನಲವತ್ತು ಪಾಲಿನಷ್ಟು ಹೆಚ್ಚಿರುತ್ತದೆ, ಹೆರಿಗೆಯಲ್ಲಿ ಕಳೆದುಕೊಳ್ಳುವುದಕ್ಕೆ ಮೈ ಮೊದಲೇ ಮಾಡಿಟ್ಟ ಗಂಟು ಅದು. ಆ ಗಂಟು ಕರಗುವವರೆಗೆ ಬಿ.ಪಿ. ಸುಮಾರಾಗಿಯೇ ಇರುತ್ತದೆ. ಸುಮಾರು ಒಂದು ಲೀಟರ್ ಹೋದ ಮೇಲೆ ಒಮ್ಮೆಗೇ ಕುಸಿಯುತ್ತದೆ. ಅದಕ್ಕೂ ಮೊದಲು ಓಡಲು ಶುರುಮಾಡುವುದು ನಾಡಿ. ನಾಡಿಯ ಸಂಖ್ಯೆ ಬಿ.ಪಿ.ಯ ಮೇಲಿನ ಸಂಖ್ಯೆಯನ್ನು ಮುಟ್ಟುತ್ತಿದೆ ಎಂದರೆ ಕಾಯುವ ಮಾತೇ ಇಲ್ಲ. ಅವತ್ತು ಅವಳ ಬಿ.ಪಿ. 100/60. ಬರೀ ಅದನ್ನು ನೋಡಿದವರು ‘ಪರವಾಗಿಲ್ಲ’ ಅನ್ನುತ್ತಿದ್ದರು. ನಾಡಿ 118.

ಆಕಳಿಕೆಯೂ ಅಂಥದ್ದೇ ಒಂದು ಗುರುತು. ರಕ್ತ ಕಡಿಮೆಯಾಗುತ್ತ ಹೋದವರಿಗೆ ಬಾಯಾರುತ್ತದೆ, ಚಡಪಡಿಕೆಯಾಗುತ್ತದೆ, ಮೈ ತಣ್ಣಗೆ ಬೆವರುತ್ತದೆ, ಆಕಳಿಕೆ ಬರುತ್ತದೆ. ಆಕಳಿಕೆಯೊಂದನ್ನೇ ನೋಡಿ ಯಾರೂ ಕಾಯಿಲೆ ಹೇಳುವುದಿಲ್ಲ. ಎದ್ದು ಹೋಗಿ ಕೈಯಿಟ್ಟು ನೋಡು ಎನ್ನುವುದಕ್ಕಷ್ಟೇ ಅದು ಸಾಕು. “ಮೊದಲನೇದು ಕಾಣಿಸ್ತು, ಬರೀತಾ ಇದ್ದೆ, ಬಿಟ್ಟೆ. ಎರಡನೇದಕ್ಕೆ ಹೊಟ್ಟೆ ಚುಳ್ ಅಂತು” ಎಂದರು ಸಿಸ್ಟರ್.

ಮುಂದಿನ ಹನ್ನೆರಡು ನಿಮಿಷ ನಾನು ಕಣ್ಣಾರೆ ಕಂಡದ್ದು.

ಸಿಸ್ಟರ್ ಕೂಗಿಕೊಳ್ಳಲಿಲ್ಲ. “ಅಕ್ಕಾ, ಪಿಪಿಎಚ್ ಟ್ರೇ. ಥಿಯೇಟರಿಗೆ ಹೇಳಿಕಳಿಸಿ, ಡಾಕ್ಟರ್ ಈಗ್ಲೇ ಬೇಕು ಅಂತ” ಎಂದು ಆಯಾಗೆ ಹೇಳಿದರು. “ಅಜ್ಜಿ, ಮಗು ಎತ್ಕೊಂಡು ಆ ಕಡೆ ಕೂತ್ಕೊಳ್ಳಿ” ಎಂದು ಅತ್ತೆಗೆ. ಅಷ್ಟು ಹೇಳುವಷ್ಟರಲ್ಲಿ ಅವರ ಕೈ ಹೊಟ್ಟೆಯ ಮೇಲೆ ಗುಂಡಗೆ ತಿರುಗುತ್ತ ಬಲವಾಗಿ ಉಜ್ಜುತ್ತಿತ್ತು. ಸೋತ ಸ್ನಾಯುವನ್ನು ಎಬ್ಬಿಸುವ ಮೊದಲ ಉಪಾಯ ಇದೇ, ಬರಿಗೈ. ಬಾಣಂತಿ ನೋವಿಗೆ ಚೀರಿದಳು. “ಬಿಡಿ ಸಿಸ್ಟರ್, ಸಾಯ್ತೀನಿ.” ಸಿಸ್ಟರ್ ಬಿಡಲಿಲ್ಲ. ಅತ್ತೆ ಮಗುವನ್ನೆತ್ತಿಕೊಂಡೇ ಓಡಿಬಂದು, “ಹಸಿ ಮೈ ಕಣವ್ವ, ಹಂಗ್ಯಾಕೆ ಹಿಸುಕ್ತೀಯಾ” ಎಂದು ಜಗಳಕ್ಕೆ ನಿಂತರು. ಬಾಗಿಲಲ್ಲಿ ನಿಂತ ಯಾರಿಗಾದರೂ ಅದು ಕ್ರೌರ್ಯದಂತೆಯೇ ಕಾಣುತ್ತಿತ್ತು. ಸಿಸ್ಟರ್ ತಲೆ ಎತ್ತದೆ, “ಗಟ್ಟಿ ಆಗ್ಬೇಕು ಅಜ್ಜಿ, ಇಲ್ಲಾಂದ್ರೆ ರಕ್ತ ನಿಲ್ಲಲ್ಲ” ಎಂದಷ್ಟೇ ಹೇಳಿ, ಬಾಣಂತಿಯತ್ತ ಬಾಗಿ, “ನನ್ನ ಮುಖ ನೋಡಮ್ಮ. ನಿನ್ನ ಹೆಸರು ಹೇಳು. ದೊಡ್ಡ ಮಗಳ ಹೆಸರೇನು?” ಎಂದು ಕೇಳುತ್ತಲೇ ಇದ್ದರು. ಮಾತು ತೊದಲುತ್ತದೆಯೇ ಎಂಬುದು ಅವರಿಗೆ ಬೇಕಿತ್ತು.

ಇನ್ನೊಬ್ಬ ಸಿಸ್ಟರ್ ಹೆರಿಗೆ ಕೋಣೆಯಿಂದ ಬಂದು ಎರಡೂ ಕೈಗೆ ದಪ್ಪ ಸೂಜಿ ಹಾಕಿದರು. ಒಂದರಲ್ಲಿ ಆಕ್ಸಿಟೋಸಿನ್ ಬೆರೆಸಿದ ಸಲೈನ್, ಇನ್ನೊಂದರಲ್ಲಿ ಟ್ರಾನೆಕ್ಸಾಮಿಕ್ ಆಮ್ಲ, ಒಂದು ಗ್ರಾಂ, ಹತ್ತು ನಿಮಿಷದಲ್ಲಿ ಮೆಲ್ಲಗೆ ಹೋಗುವಂತೆ. ಆಮೇಲೆ ಮಾಡಿದ್ದು ನನಗೆ ಮೊದಲು ಅರ್ಥವಾಗಲಿಲ್ಲ. ಮೂತ್ರಕ್ಕೆ ಕೊಳವೆ ಹಾಕಿದರು. ಚೀಲಕ್ಕೆ ಸುಮಾರು ಅರ್ಧ ಲೀಟರ್ ಮೂತ್ರ ಇಳಿಯಿತು. ಗರ್ಭಕೋಶದ ಮುಂದೆಯೇ ಮೂತ್ರಕೋಶ ಇರುವುದು. ಅದು ತುಂಬಿ ಉಬ್ಬಿದ್ದರೆ ಗರ್ಭಕೋಶಕ್ಕೆ ಕುಗ್ಗಲು ಬಿಡುವುದಿಲ್ಲ. ಹೆರಿಗೆಯಾದವಳು ಒಂದು ಸಲ ಎದ್ದು ಮೂತ್ರಕ್ಕೆ ಹೋಗಿಬಂದಿದ್ದಳೇ ಎಂದು ಕೇಳುವಷ್ಟು ಸಣ್ಣ ವಿಷಯ ಇದು. ಕೇಳುವುದಕ್ಕೆ ಒಬ್ಬರು ಬಿಡುವಾಗಿ ಅವಳ ಹತ್ತಿರ ಬಂದಿರಬೇಕು, ಅಷ್ಟೆ.

ಡಾಕ್ಟರ್ ಸಿಸೇರಿಯನ್ ಮುಗಿಸಿ, ಬೇರೆ ಗೌನು ತೊಟ್ಟು ಬರುವ ಹೊತ್ತಿಗೆ ಹನ್ನೆರಡು ನಿಮಿಷ ಕಳೆದಿತ್ತು. ಆ ಹನ್ನೆರಡು ನಿಮಿಷದಲ್ಲಿ ಆಗಬೇಕಾದ ಮುಖ್ಯ ಕೆಲಸವೆಲ್ಲ ಆಗಿತ್ತು. ಅವರು ಒಳಗೆ ಗಾಯವಿದೆಯೇ, ಮಾಸಿನ ಚೂರು ಉಳಿದಿದೆಯೇ ಎಂದು ನೋಡಿ, ನಾಲಿಗೆಯಡಿಗೆ ಮಿಸೊಪ್ರೊಸ್ಟಾಲ್ ಇಡಿಸಿ, ರಕ್ತ ತರಿಸಿದರು. ಟ್ರೇಯಲ್ಲಿ ಇನ್ನೊಂದು ವಸ್ತುವೂ ಸಿದ್ಧವಾಗಿತ್ತು, ಕ್ಯಾಥೆಟರ್ ತುದಿಗೆ ದಾರದಲ್ಲಿ ಕಟ್ಟಿದ ಕಾಂಡೋಮ್. ಗರ್ಭಕೋಶದೊಳಗೆ ಇಟ್ಟು ಸಲೈನ್ ತುಂಬಿದರೆ ಬಲೂನಿನಂತೆ ಉಬ್ಬಿ ಒಳಗಿನಿಂದ ಒತ್ತಿ ರಕ್ತ ನಿಲ್ಲಿಸುತ್ತದೆ. ದುಬಾರಿ ಬಲೂನು ಕೊಳ್ಳಲಾಗದ ಕಡೆ ಹೀಗೆ ಮಾಡಬಹುದೆಂದು ತೋರಿಸಿಕೊಟ್ಟವರು ಬಾಂಗ್ಲಾದೇಶದ ವೈದ್ಯೆ ಸಾಯೆಬಾ ಅಖ್ತರ್. ಅವತ್ತು ಅದು ಬೇಕಾಗಲಿಲ್ಲ. ಐದು ಗಂಟೆಗೆ ಐದು ನಿಮಿಷವಿರುವಾಗ ಸಿಸ್ಟರ್ ಕೈಯಡಿಯಲ್ಲಿ ಗರ್ಭಕೋಶ ಗಟ್ಟಿಯಾಗಿ ನಿಂತಿತು. ಅವರ ಮುಂಗೈ ನಡುಗುತ್ತಿತ್ತು, ಅರ್ಧ ಗಂಟೆ ಒಂದೇ ಸಮನೆ ಉಜ್ಜಿದ ಕೈ.

ಈ ಮದ್ದುಗಳ ಹಿಂದಿನ ಕಥೆ ಬಾಣಂತಿಯರ ಮನೆಯವರಿಗೆ ಯಾರೂ ಹೇಳುವುದಿಲ್ಲ. ಆಕ್ಸಿಟೋಸಿನ್ ನಮ್ಮ ಮೆದುಳಿನಲ್ಲೇ ಹುಟ್ಟುವ ವಸ್ತು. ಪಿಟ್ಯುಟರಿ ಗ್ರಂಥಿಯ ರಸಕ್ಕೆ ಗರ್ಭಕೋಶವನ್ನು ಕುಗ್ಗಿಸುವ ಗುಣವಿದೆ ಎಂದು ಇಂಗ್ಲೆಂಡಿನ ಹೆನ್ರಿ ಡೇಲ್ 1906ರಲ್ಲಿ ಕಂಡುಕೊಂಡರು. ಅಮೆರಿಕದ ವಿನ್ಸೆಂಟ್ ಡು ವಿನ್ಯೋ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿ 1955ರ ರಸಾಯನಶಾಸ್ತ್ರದ ನೊಬೆಲ್ ಪಡೆದರು. ಈಗ ಪ್ರತಿ ಹೆರಿಗೆಯಲ್ಲೂ ಮಗು ಹೊರಬಂದ ಕೂಡಲೇ ತಾಯಿಗೆ ಹತ್ತು ಯೂನಿಟ್ ಚುಚ್ಚುತ್ತಾರೆ. ಕಷ್ಟವೆಂದರೆ ಇದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಕರೆಂಟು ಹೋದ ಫ್ರಿಜ್ಜಿನಲ್ಲಿ, ಬಿಸಿಲಿನ ಕಪಾಟಿನಲ್ಲಿ ಉಳಿದ ಆಂಪೂಲ್ ನೋಡಲು ಹಾಗೇ ಇರುತ್ತದೆ, ಶಕ್ತಿ ಮಾತ್ರ ಸೋರಿಹೋಗಿರುತ್ತದೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ತಾಪಮಾನದ ಹಾಳೆಯಲ್ಲಿ ದಿನಕ್ಕೆರಡು ಸಲ ಅಂಕಿ ತುಂಬುವವರೂ ಇದೇ ಸಿಸ್ಟರುಗಳು. ಹಸು ಎಮ್ಮೆಗಳಿಂದ ಹಾಲು ಇಳಿಸಲು ಇದೇ ಮದ್ದನ್ನು ಚುಚ್ಚುವ ಕೆಟ್ಟ ಚಾಳಿ ತಡೆಯಲೆಂದು ಕೇಂದ್ರ ಸರ್ಕಾರ 2018ರಲ್ಲಿ ಖಾಸಗಿ ಕಂಪನಿಗಳು ಇದನ್ನು ದೇಶದ ಬಳಕೆಗೆ ತಯಾರಿಸದಂತೆ ನಿಷೇಧಿಸಿ, ಬೆಂಗಳೂರಿನ ಸರ್ಕಾರಿ ಕಂಪನಿ ಕರ್ನಾಟಕ ಆಂಟಿಬಯೋಟಿಕ್ಸ್ ಒಂದಕ್ಕೇ ವಹಿಸಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶ ರದ್ದು ಮಾಡಿತು. ಹೆರಿಗೆ ಕೋಣೆಗೆ ಈ ಮದ್ದು ಒಂದು ದಿನವೂ ತಪ್ಪಬಾರದು. ಕೊಟ್ಟಿಗೆಯ ಅಪರಾಧಕ್ಕೆ ಹೆರಿಗೆ ಕೋಣೆ ದಂಡ ತೆರುವಂತಾಗಬಾರದು ಎಂಬುದಷ್ಟೇ ನನ್ನ ಮಾತು.

ಟ್ರಾನೆಕ್ಸಾಮಿಕ್ ಆಮ್ಲವನ್ನು 1962ರಲ್ಲಿ ಲೋಕಕ್ಕೆ ಕೊಟ್ಟವರು ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಗಂಡ ಶೋಸುಕೆ. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಪ್ರಯೋಗಾಲಯದಲ್ಲಿ ದುಡಿದ ಹೆಂಗಸು ಆಕೆ. ಹೆತ್ತ ತಾಯಂದಿರ ರಕ್ತಸ್ರಾವಕ್ಕೆ ಇದು ಒದಗಬೇಕೆಂಬುದು ಅವರ ಆಸೆಯಾಗಿತ್ತು. 21 ದೇಶಗಳ 20,060 ತಾಯಂದಿರ ಮೇಲೆ ನಡೆದ ‘ವುಮನ್’ ಎಂಬ ಅಧ್ಯಯನ ಅದನ್ನು ನಿಜವೆಂದು ತೋರಿಸಿತು. ಮೂರು ಗಂಟೆಯೊಳಗೆ ಕೊಟ್ಟರೆ ರಕ್ತ ಹೋಗಿ ಸಾಯುವವರ ಸಂಖ್ಯೆ ಸುಮಾರು ಮೂರರಲ್ಲಿ ಒಂದು ಪಾಲು ಇಳಿಯುತ್ತದೆ. ಫಲಿತಾಂಶ ಹೊರಬಂದದ್ದು 2017ರಲ್ಲಿ. ಒಕಾಮೊಟೊ ಅದರ ಹಿಂದಿನ ವರ್ಷ ತೀರಿಕೊಂಡಿದ್ದರು. ಈ ಮದ್ದಿನ ಇನ್ನೊಂದು ಗುಣವನ್ನೂ ಹೇಳಬೇಕು. ತಡವಾದ ಪ್ರತಿ ಹದಿನೈದು ನಿಮಿಷಕ್ಕೆ ಇದರ ಫಲ ಸುಮಾರು ಹತ್ತನೇ ಒಂದು ಪಾಲು ಕುಗ್ಗುತ್ತದೆ, ಮೂರು ಗಂಟೆಯಾಚೆ ಏನೂ ಉಳಿಯುವುದಿಲ್ಲ. ಮತ್ತೆ ಅದೇ ಹದಿನೈದು ನಿಮಿಷ.

ಹಾಗಾದರೆ ರಕ್ತ ಎಷ್ಟು ಹೋಗಿದೆ ಎಂದು ತಿಳಿಯುವುದು ಹೇಗೆ? ಇಲ್ಲಿ ನಮ್ಮ ಬೆಳಗಾವಿಯ ಹೆಸರು ಬರುತ್ತದೆ. ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರೊಡನೆ ಸೇರಿ, 2002ರಿಂದ 2005ರವರೆಗೆ ಆ ಜಿಲ್ಲೆಯ ಹಳ್ಳಿಗಳಲ್ಲಿ 1,620 ತಾಯಂದಿರ ಮೇಲೆ ಒಂದು ಅಧ್ಯಯನ ಮಾಡಿದರು. ಹೆರಿಗೆ ಮಾಡಿಸುವ ಎಎನ್‌ಎಂ ಸಿಸ್ಟರುಗಳೇ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದರೆ ಏನಾಗುತ್ತದೆ ಎಂಬುದು ಪ್ರಶ್ನೆ. ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ತಂಪಿನ ಹಂಗಿಲ್ಲದ ಮಾತ್ರೆ, ಡಾಕ್ಟರಿಲ್ಲದ ಊರು, ಸಿಸ್ಟರ್ ಕೈ. 2006ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆ ಅದನ್ನು ಪ್ರಕಟಿಸಿತು.

ಆ ಅಧ್ಯಯನಕ್ಕೆ ರಕ್ತವನ್ನು ಕರಾರುವಾಕ್ಕಾಗಿ ಅಳೆಯಬೇಕಾಗಿತ್ತು. ಅದಕ್ಕೆಂದೇ ಅಲ್ಲಿಯವರು ಒಂದು ಪ್ಲಾಸ್ಟಿಕ್ ಹಾಳೆ ರೂಪಿಸಿದರು. ತಾಯಿಯ ಕೆಳಗೆ ಹಾಸುವುದು, ತುದಿಯಲ್ಲಿ ಆಲಿಕೆಯಂಥ ಚೀಲ, ಚೀಲದ ಮೇಲೆ ಮಿಲಿಲೀಟರಿನ ಗೆರೆಗಳು. ಹೋದ ರಕ್ತವೆಲ್ಲ ಅದರೊಳಗೆ ಇಳಿದು ಗೆರೆಯ ಲೆಕ್ಕಕ್ಕೆ ಸಿಗುತ್ತದೆ. ಕಣ್ಣಂದಾಜಿಗೂ ಈ ಚೀಲಕ್ಕೂ ಹೋಲಿಸಿ ನೋಡಿದಾಗ, ಅನುಭವವಿರುವ ಕಣ್ಣೂ ಮೂರರಲ್ಲಿ ಒಂದು ಪಾಲು ರಕ್ತವನ್ನು ಕಡಿಮೆ ಅಂದಾಜು ಮಾಡುತ್ತದೆ ಎಂದು ಗೊತ್ತಾಯಿತು. ಕಣ್ಣಿನ ತಪ್ಪಲ್ಲ ಅದು. ಸೀರೆಯ ಮಡಿಕೆ ಕುಡಿದ ರಕ್ತವನ್ನು, ಬೆನ್ನಿನಡಿ ಹರಿದ ರಕ್ತವನ್ನು ಯಾವ ಕಣ್ಣು ಅಳೆದೀತು?

ಸುಮಾರು ಎರಡು ದಶಕದ ನಂತರ, 2023ರಲ್ಲಿ, ಇಂಥದ್ದೇ ಗೆರೆಯ ಚೀಲ ಇಟ್ಟುಕೊಂಡು ಆಫ್ರಿಕದ ನಾಲ್ಕು ದೇಶಗಳ ಎಂಬತ್ತು ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ಮಾಡಿದ ಅಧ್ಯಯನದ ಫಲಿತಾಂಶ ಬಂತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾ. ಉಪಾಯ ಸರಳ. ಚೀಲದಲ್ಲಿ ಅಳೆಯುವುದು. ಗೆರೆ ದಾಟಿದ ಕೂಡಲೇ ಹೊಟ್ಟೆ ಉಜ್ಜುವುದು, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್, ಸಲೈನ್, ಒಳಗಿನ ಪರೀಕ್ಷೆ ಇವೆಲ್ಲವನ್ನೂ ಒಂದಾದ ಮೇಲೊಂದು ಕಾಯದೆ ಒಟ್ಟಿಗೇ ಶುರುಮಾಡುವುದು. ಹಳೆಯ ರೀತಿಯಲ್ಲಿ ಅತಿ ರಕ್ತಸ್ರಾವವಾದ ನೂರು ತಾಯಂದಿರಲ್ಲಿ 51 ಜನರನ್ನು ಮಾತ್ರ ಗುರುತಿಸುತ್ತಿದ್ದರು, ಹೊಸ ರೀತಿಯಲ್ಲಿ 93 ಜನರನ್ನು. ಒಂದು ಲೀಟರ್ ಇಲ್ಲವೇ ಅದಕ್ಕೂ ಹೆಚ್ಚು ರಕ್ತ ಹೋಗುವುದು, ರಕ್ತಸ್ರಾವಕ್ಕಾಗಿ ಹೊಟ್ಟೆ ಕೊಯ್ಯಬೇಕಾಗುವುದು, ಸಾವು, ಈ ಮೂರೂ ಸೇರಿದ ಲೆಕ್ಕ ನೂರಕ್ಕೆ ಅರವತ್ತು ಪಾಲು ಇಳಿಯಿತು. ಅದರಲ್ಲಿ ಹೊಸ ಮದ್ದು ಒಂದೂ ಇರಲಿಲ್ಲ. 2025ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಮಾರ್ಗಸೂಚಿಯನ್ನೇ ಬದಲಿಸಿತು. ಮೊದಲು ಅರ್ಧ ಲೀಟರ್ ಆಗುವವರೆಗೆ ಕಾಯುತ್ತಿದ್ದರು, ಈಗ 300 ಮಿಲಿಲೀಟರ್ ಆಗಿ ನಾಡಿಯೋ ಬಿ.ಪಿ.ಯೋ ಏರುಪೇರಾಗಿದ್ದರೆ ಚಿಕಿತ್ಸೆ ಶುರುಮಾಡಿ ಎನ್ನುತ್ತದೆ. ಬೆಳಗಾವಿಯಲ್ಲಿ ರೂಪುಗೊಂಡ ಈ ಹಾಳೆ ಕರ್ನಾಟಕದ ಪ್ರತಿ ಹೆರಿಗೆ ಟೇಬಲ್ಲಿನಲ್ಲೂ ಇರಬೇಕು. ನಾನು ಕಂಡ ವಾರ್ಡಿನಲ್ಲಿ ಇದ್ದದ್ದು ಹಳೆ ಸೀರೆ.

ಹಾಳೆ ಬಂದರೂ ಅದನ್ನು ನೋಡಲು ಒಬ್ಬರು ಬರಬೇಕಲ್ಲ.

ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತದೆ ಎಂದಿತ್ತು 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಒಂದು ಲಕ್ಷ ಜೀವಂತ ಜನನಕ್ಕೆ ಸಾಯುವ ತಾಯಂದಿರ ಸಂಖ್ಯೆ ನಮ್ಮ ರಾಜ್ಯದಲ್ಲಿ 2004–06ರಲ್ಲಿ 213 ಇದ್ದದ್ದು 2018–20ಕ್ಕೆ 69ಕ್ಕೆ ಬಂತು. ಆಶಾ ಕಾರ್ಯಕರ್ತೆಯರು, 108 ಆಂಬುಲೆನ್ಸ್, ತಾಯಿ ಕಾರ್ಡು ಎಲ್ಲರ ದುಡಿಮೆ ಅದರಲ್ಲಿದೆ. ಅದು ಸಣ್ಣ ಮಾತಲ್ಲ. ಆದರೆ ಅದೇ ಅವಧಿಯಲ್ಲಿ ಕೇರಳದಲ್ಲಿ ಆ ಸಂಖ್ಯೆ 19. ಅದೇ ಕುಟುಂಬ ಸಮೀಕ್ಷೆ ನಮ್ಮ ಬಸುರಿಯರಲ್ಲಿ ನೂರಕ್ಕೆ ಸುಮಾರು 46 ಜನಕ್ಕೆ ರಕ್ತಹೀನತೆ ಎಂದೂ ಹೇಳಿದೆ. ಹಿಮೋಗ್ಲೋಬಿನ್ ಎಂಟು ಇದ್ದವಳಿಗೆ ಅರ್ಧ ಲೀಟರ್ ಹೋಗುವುದೂ ಹನ್ನೆರಡು ಇದ್ದವಳಿಗೆ ಅರ್ಧ ಲೀಟರ್ ಹೋಗುವುದೂ ಒಂದೇ ಅಲ್ಲ. ಹೆರಿಗೆ ಮನೆಯಿಂದ ಆಸ್ಪತ್ರೆಗೆ ಬಂತು, ಸರಿ. ಮನೆಯಲ್ಲಿ ನಾಲ್ಕು ಹೆಂಗಸರು ಸುತ್ತ ಕೂತು ಕಾಯುತ್ತಿದ್ದ ಬಾಣಂತಿಯನ್ನು ಇಲ್ಲಿ ಕಾಯುವವರು ಎಷ್ಟು ಜನ?

ಭಾರತೀಯ ಶುಶ್ರೂಷಾ ಪರಿಷತ್ತಿನ ಲೆಕ್ಕದಲ್ಲಿ ಕಲಿಕೆಯ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೇ ಮೂರು ರೋಗಿಗೆ ಒಬ್ಬ ನರ್ಸ್ ಇರಬೇಕು, ರಜೆಗೆಂದು ನೂರಕ್ಕೆ ಮೂವತ್ತು ಪಾಲು ಹೆಚ್ಚುವರಿ ಜನ ಬೇರೆ. ನಾನು ಕಂಡ ವಾರ್ಡಿನಲ್ಲಿ ಹದಿನಾಲ್ಕು ತಾಯಂದಿರಿಗೆ ಒಬ್ಬರು. ಇದು ಬರೀ ದಣಿವಿನ ಪ್ರಶ್ನೆಯಲ್ಲ. ಅಮೆರಿಕದ ಲಿಂಡಾ ಐಕೆನ್ ಎಂಬ ನರ್ಸಿಂಗ್ ಸಂಶೋಧಕಿ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಲೆಕ್ಕ ತೆಗೆದು 2002ರಲ್ಲಿ ತೋರಿಸಿದರು. ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, ಶಸ್ತ್ರಚಿಕಿತ್ಸೆಯಾದವರು ಮೂವತ್ತು ದಿನದೊಳಗೆ ಸಾಯುವ ಸಂಭವ ನೂರಕ್ಕೆ ಏಳರಷ್ಟು ಏರುತ್ತದೆ. 2014ರಲ್ಲಿ ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳಲ್ಲೂ ಹೆಚ್ಚುಕಡಿಮೆ ಇದೇ ಅಂಕಿ ಬಂತು. ಇದಕ್ಕೂ ಮೊದಲೇ, 1992ರಲ್ಲಿ, ಜೆಫ್ರಿ ಸಿಲ್ಬರ್ ಎಂಬ ವೈದ್ಯರು ಆಸ್ಪತ್ರೆಯನ್ನು ಅಳೆಯುವ ಒಂದು ಹೊಸ ಕೋಲು ಕೊಟ್ಟಿದ್ದರು. ಎಷ್ಟು ರೋಗಿಗಳಿಗೆ ತೊಡಕಾಯಿತು ಎಂದು ಕೇಳಬೇಡಿ, ತೊಡಕಾದವರಲ್ಲಿ ಎಷ್ಟು ಜನರನ್ನು ಉಳಿಸಿಕೊಳ್ಳಲಾಗಲಿಲ್ಲ ಎಂದು ಕೇಳಿ ಎಂದರು ಅವರು. ತೊಡಕು ಎಲ್ಲ ಆಸ್ಪತ್ರೆಯಲ್ಲೂ ಆಗುತ್ತದೆ. ಅದು ಯಾರ ಕಣ್ಣಿಗೆ ಯಾವಾಗ ಬಿತ್ತು ಎಂಬುದರಲ್ಲಿದೆ ವ್ಯತ್ಯಾಸ.

ಪತ್ರಿಕೆಗಳಲ್ಲಿ ನಾವು ‘ದಿಢೀರ್ ರಕ್ತಸ್ರಾವ’ ಎಂದು ಬರೆಯುತ್ತೇವೆ. ನಾನೂ ಬರೆದಿದ್ದೇನೆ. ಅವತ್ತಿನಿಂದ ಆ ‘ದಿಢೀರ್’ ಪದ ಬರೆಯಲು ಕೈ ಬರುತ್ತಿಲ್ಲ. ಆ ಹೆಂಗಸಿನ ರಕ್ತ ಐವತ್ತು ನಿಮಿಷದಿಂದ ಸೋರುತ್ತಿತ್ತು. ಹದಿನೈದು ನಿಮಿಷಕ್ಕೊಮ್ಮೆ ಕೈಯಿಟ್ಟು ನೋಡಲು ಯಾರಿಗಾದರೂ ಬಿಡುವಿದ್ದಿದ್ದರೆ ಮೊದಲ ಇಲ್ಲವೇ ಎರಡನೆಯ ಸುತ್ತಿನಲ್ಲೇ ಸಿಕ್ಕಿಬೀಳುತ್ತಿತ್ತು, ಹೊಟ್ಟೆ ಉಜ್ಜುವುದಕ್ಕೂ ಮೂತ್ರ ತೆಗೆಯುವುದಕ್ಕೂ ಮುಗಿಯುತ್ತಿತ್ತು. ಸಿಸ್ಟರ್ ಅದನ್ನು ಮರೆತಿರಲಿಲ್ಲ. ಮೂರೂವರೆಯಿಂದ ನಾಲ್ಕೂ ಇಪ್ಪತ್ತರವರೆಗೆ ಅವರು ಎಲ್ಲೆಲ್ಲಿ ಇದ್ದರು ಎಂದು ನನಗೆ ಗೊತ್ತು, ನಾನು ಅಲ್ಲೇ ಕೂತಿದ್ದೆ. ಸಿಸೇರಿಯನ್ ಆದವಳೊಬ್ಬಳನ್ನು ಮೊದಲ ಸಲ ಎಬ್ಬಿಸಿ ನಡೆಸುತ್ತಿದ್ದರು. ಒಂಬತ್ತನೇ ಮಂಚದ ಕೂಸಿಗೆ ಮೊಲೆ ಹಿಡಿಸುತ್ತಿದ್ದರು. ಮೂವರ ಡಿಸ್ಚಾರ್ಜ್ ಕಾಗದ ಬರೆದು, ಮಡಿಲು ಕಿಟ್ ಸಿಗಲಿಲ್ಲವೆಂದು ಬಂದ ಗಂಡಸಿಗೆ ಉತ್ತರ ಹೇಳುತ್ತಿದ್ದರು. ಇದರಲ್ಲಿ ಬಿಡಬಹುದಾದ ಕೆಲಸ ಯಾವುದು?

ಆ ಸಂಜೆಯ ಇನ್ನೊಂದು ಲೆಕ್ಕವೂ ಇದೆ, ಯಾವ ರಿಜಿಸ್ಟರಿನಲ್ಲೂ ಬರದ ಲೆಕ್ಕ. ಇಬ್ಬರು ಸಿಸ್ಟರುಗಳೂ ಒಂದೇ ಮಂಚದ ಹತ್ತಿರ ನಿಂತ ಆ ಮುಕ್ಕಾಲು ಗಂಟೆ, ಉಳಿದ ವಾರ್ಡು ಏನಾಯಿತು? ಹೊಲಿಗೆ ಉರಿಯುತ್ತಿದ್ದವಳ ನೋವಿನ ಇಂಜೆಕ್ಷನ್ ನಿಂತಿತು. ಒಂಬತ್ತನೇ ಮಂಚದ ಕೂಸು ಅತ್ತು ಅತ್ತು ಸುಮ್ಮನಾಯಿತು. ಹೆರಿಗೆ ಕೋಣೆಯಲ್ಲಿ ನೋವು ತಿನ್ನುತ್ತಿದ್ದ ಇಬ್ಬರ ಪಕ್ಕ ಅವರ ತಾಯಂದಿರು ಮಾತ್ರ ಇದ್ದರು. ಆರು ಗಂಟೆಯ ಇಂಜೆಕ್ಷನ್ನುಗಳು ಏಳಕ್ಕೆ ಹೋದವು. “ಎಷ್ಟೊತ್ತಿಂದ ಕರೀತಿದೀವಿ, ತಿರುಗಿ ಕೂಡ ನೋಡಲ್ಲ” ಎಂದು ಒಬ್ಬರು ದೊಡ್ಡ ದನಿಯಲ್ಲೇ ಅಂದರು. ಬೇರೆ ಆಸ್ಪತ್ರೆಗಳಲ್ಲಿ ನಾನೂ ಹಾಗೆ ಅಂದಿದ್ದೇನೆ. ಒಬ್ಬರ ಜೀವ ಉಳಿಸುವಾಗ ಇನ್ನು ಹದಿಮೂರು ಜನರ ಕಡೆ ಬೆನ್ನು ತಿರುಗಿಸಬೇಕಾಗಿ ಬಂದವರು, ಆ ಹದಿಮೂರು ಜನರ ಸಿಟ್ಟನ್ನೂ ತಾವೇ ಹೊರಬೇಕು. ಮೇ 12ರ ದಾದಿಯರ ದಿನ ಅವರನ್ನು ದೇವತೆ ಎಂದು ಕರೆದು ಶಾಲು ಹೊದಿಸುತ್ತಾರೆ. ಆ ವಾರ್ಡಿಗೆ ಬೇಕಾಗಿದ್ದುದು ಇನ್ನೂ ಮೂವರು ಸಿಸ್ಟರ್, ಎರಡು ಬಿ.ಪಿ. ಯಂತ್ರ, ಗೆರೆಯಿರುವ ಪ್ಲಾಸ್ಟಿಕ್ ಹಾಳೆ.

ಐದೂವರೆಗೆ ಅವಳ ನಾಡಿ 96ಕ್ಕೆ ಇಳಿದಿತ್ತು. ಎರಡನೆಯ ಬಾಟಲಿ ರಕ್ತ ಹನಿಯುತ್ತಿತ್ತು. “ಮಗು ಹಾಲು ಕುಡೀತಾ?” ಎಂದು ಅವಳೇ ಕೇಳಿದಳು. ಜಗಳವಾಡಿದ ಅತ್ತೆ ಕೂಸನ್ನು ಅವಳ ಪಕ್ಕ ಮಲಗಿಸಿ, ಏನೂ ಹೇಳಲು ತೋಚದೆ ಸಿಸ್ಟರ್ ಮೊಣಕೈ ಹಿಡಿದುಕೊಂಡು ನಿಂತರು. ಸಿಸ್ಟರ್ ಹದಿನೈದು ನಿಮಿಷಕ್ಕೊಮ್ಮೆ ಆ ಮಂಚಕ್ಕೆ ಹೋಗಿ ಹೊಟ್ಟೆ ಮುಟ್ಟಿ ಬರುತ್ತಿದ್ದರು. ನಡುವೆ ನಡುವೆ ಉಳಿದ ಮಂಚಗಳು. ಹಿಂದೆ ಬಿದ್ದ ಇಂಜೆಕ್ಷನ್, ಹಿಂದೆ ಬಿದ್ದ ಮಾತ್ರೆ, ಹಿಂದೆ ಬಿದ್ದ ಕೂಸು.

ನಮ್ಮ ಮಂಚಕ್ಕೆ ಬಂದಾಗ ಏಳೂ ಮುಕ್ಕಾಲು. ಪಾಳಿ ಮುಗಿಯಲು ಇನ್ನು ಕಾಲು ಗಂಟೆ, ಬರೆಯಬೇಕಾದ ರಿಜಿಸ್ಟರುಗಳು ಮೇಜಿನ ಮೇಲೆ ಹಾಗೇ ಇದ್ದವು. “ತಡ ಆಯ್ತಮ್ಮ” ಎಂದು ಕೇಸ್ ಶೀಟ್ ಎತ್ತಿಕೊಂಡರು. ‘ಬಿ.ಪಿ. 110/’ ಅಲ್ಲೇ ನಿಂತಿತ್ತು. “ಎಪ್ಪತ್ತು ಅಂತ ಹೇಳಿದ್ರಿ ಅನ್ಸುತ್ತೆ ಸಿಸ್ಟರ್” ಎಂದಳು ನಮ್ಮ ಹುಡುಗಿ, ಅವರಿಗೆ ಕೆಲಸ ಕಡಿಮೆಯಾಗಲೆಂದು. ಸಿಸ್ಟರ್ ತಲೆಯಾಡಿಸಿ, ಅರ್ಧ ಬರೆದ ಅಂಕಿಯ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದರು. ಪಟ್ಟಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿದ್ದರು, ಇನ್ನೂ ತಣ್ಣಗಿತ್ತು. ಅದನ್ನು ಅವಳ ತೋಳಿಗೆ ಮತ್ತೆ ಸುತ್ತಿ, ಸ್ಟೆತಾಸ್ಕೋಪ್ ಕಿವಿಗಿಟ್ಟುಕೊಂಡು, ನಡುಗುವ ಮುಂಗೈಯನ್ನು ಮಂಚದ ಅಂಚಿಗೆ ಊರಿ, ಗಾಳಿ ಬಿಡುತ್ತ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೊಸ ಸಾಲಿನಲ್ಲಿ ಬರೆದರು: ಸಂಜೆ 7.45, ಬಿ.ಪಿ. 116/74.